ಲೇಸರ್ ಆಮೇಲೆ, ಮೊದಲು ಉಗುರು ಪರೀಕ್ಷೆ

ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನಲ್ಲಿ ನಾಟಿ ಹಾಕುವ ಹೆಂಗಸರ ಕಾಲ್ಬೆರಳು ನೋಡಿ. ಉಗುರು ಹಳದಿಗಟ್ಟಿ, ದಪ್ಪವಾಗಿ, ಪುಡಿಯಾಗುತ್ತಿದ್ದರೂ 'ಕೆಸರಲ್ಲಿ ನಿಲ್ಲೋರಿಗೆ ಇದ್ದದ್ದೇ' ಅಂದುಬಿಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದೇ ಉಗುರು ಚುಚ್ಚಿ ಹುಣ್ಣಾದರೆ ಕಾಲಿಗೇ ಕುತ್ತು.

ದುಡ್ಡಿದ್ದವರು ಲೇಸರ್ ಕೇಳುತ್ತಾರೆ. ಅಮೆರಿಕದ ಎಫ್‌ಡಿಎ ಲೇಸರ್‌ಗೆ ಅನುಮತಿ ಕೊಟ್ಟಿರುವುದು ಉಗುರು ತಾತ್ಕಾಲಿಕವಾಗಿ ತಿಳಿಯಾಗಲು ಮಾತ್ರ, ಫಂಗಸ್ ವಾಸಿಯಾಗುತ್ತದೆ ಎಂದಲ್ಲ. ಸೋಂಕು ಉಗುರಿನ ಬುಡ ಮುಟ್ಟಿಲ್ಲದಿದ್ದರೆ ಅಮೊರಾಲ್ಫಿನ್‌ನಂಥ ಹಚ್ಚುವ ಔಷಧ ಸಾಕಾಗಬಹುದು. ಬುಡಕ್ಕೆ ಇಳಿದಿದ್ದರೆ ಟರ್ಬಿನಾಫಿನ್ ಮಾತ್ರೆ. ಕಾಲಿನ ಉಗುರಿಗೆ ಸಾಮಾನ್ಯವಾಗಿ 12 ವಾರ, ಅದೂ ವೈದ್ಯರು ಲಿವರ್ ಪರೀಕ್ಷೆ ನೋಡಿ ಬರೆದುಕೊಟ್ಟರೆ. ಹೊಸ ಉಗುರು ಪೂರ್ತಿ ಬೆಳೆಯಲು 12ರಿಂದ 18 ತಿಂಗಳು ಬೇಕು.

ಆದರೆ ಕೆಟ್ಟ ಉಗುರುಗಳಲ್ಲಿ ಫಂಗಸ್ಸಿನದು ಸುಮಾರು ಅರ್ಧ. ಉಳಿದದ್ದು ಪೆಟ್ಟು, ಸೋರಿಯಾಸಿಸ್ ಇತ್ಯಾದಿ. ಉಗುರಿನ ಚೂರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ನಾಗಮಂಗಲದವರಿಗೆ ಬೆಳ್ಳೂರಿನ ಹತ್ತಿರ ಮೆಡಿಕಲ್ ಕಾಲೇಜಿದೆ. ಕೆ.ಆರ್. ಪೇಟೆಯ ಕೂಲಿಯವರು ಅಲ್ಲಿಗೆ ಹೋಗಿಬರಲು ಒಂದು ದಿನದ ದುಡಿಮೆ ಬಿಡಬೇಕು. ದುಬಾರಿ ಯಂತ್ರ ಬೇಡದ ಈ ಪರೀಕ್ಷೆ ವಾರಕ್ಕೊಂದು ದಿನವಾದರೂ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಖಾತ್ರಿಯಾಗಿ ಸಿಗಬೇಕು. ನಾವು ಕೇಳಬೇಕಾದದ್ದು ಅದನ್ನು.