ವ್ಯಾಪಾರವು ಹೀನವೇ?

ನಮ್ಮ ನಾಡಿನ ಸುಶಿಕ್ಷಿತ ಗೃಹಸ್ಥನು ತನ್ನ ಮಗನಿಗೆ ಸರಕಾರಿ ಚಾಕರಿಯು ದೊರೆತರೆ ಓಣಿಗೆಲ್ಲ ಪೇಢೆ ಹಂಚುವನು. ಅದೇ ಮಗನು ಅಂಗಡಿಯನ್ನು ತೆರೆಯುವೆನೆಂದರೆ, ಕಲಿತ ವಿದ್ಯೆಯೆಲ್ಲ ನೀರುಪಾಲಾಯಿತೆಂದು ನಿಟ್ಟುಸಿರು ಬಿಡುವನು. ಹಣವು ಮಾಯೆಯೆಂದು ಸಭೆಯಲ್ಲಿ ನುಡಿಯುವ ನಾವೇ ಮನೆಗೆ ಬಂದು ಪಗಾರದ ಏರಿಕೆಯನ್ನು ಲೆಕ್ಕ ಹಾಕುತ್ತ ಕುಳ್ಳಿರುವೆವು. ಸಂಪತ್ತನ್ನು ಬಾಯಿಂದ ಹಳಿದು ಮನದಲ್ಲಿ ಬಯಸುವ ಈ ನಡತೆಗೆ ವೈರಾಗ್ಯವೆಂಬ ಹೆಸರು ಸಲ್ಲದು.

ವ್ಯಾಪಾರದ ವಿಷಯದಲ್ಲಿ ಈ ಸಂಕೋಚವು ಕನ್ನಡಿಗರ ಹುಟ್ಟುಗುಣವೆಂದು ಕೆಲವರು ಹೇಳುವದುಂಟು. ಆ ಮಾತನ್ನು ನಾವು ಒಪ್ಪಲಾರೆವು. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರು ಮಧ್ಯಯುಗದಲ್ಲಿ ಕಡಲನ್ನು ದಾಟಿ ವ್ಯಾಪಾರ ಮಾಡಿದವರು. ಹನ್ನೆರಡನೆಯ ಶತಮಾನದ ಶರಣರು ಹಗ್ಗ ಹೊಸೆಯುವವನ ಕಾಯಕವನ್ನೂ ದೋಣಿ ನಡೆಸುವವನ ಕಾಯಕವನ್ನೂ ಪೂಜೆಯ ಸಮಕ್ಕೆ ತಂದರು. ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದರೇ ಹೊರತು ಗಳಿಸಲೇಬೇಡವೆನ್ನಲಿಲ್ಲ.

ಇನ್ನು ಹತ್ತಿರದ ಕಾಲವನ್ನು ನೋಡೋಣ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ದಿನಗಳವು. 1905ರಲ್ಲಿ, ಮುಂಬಯಿ ಇಲಾಖೆಗೆ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲುಮಕ್ಕಳಿಗಾಗಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. 1906ರಲ್ಲಿ, ಮದ್ರಾಸ ಇಲಾಖೆಯ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕೆನಿಸಿದ ಸಂಸ್ಥೆಯನ್ನೂ ಸ್ಥಾಪಿಸಿದರು. ಪೈಗಳು ವಕೀಲರಾಗಿದ್ದರೆಂಬುದನ್ನು, ವಕೀಲಿಯಲ್ಲಿಯೇ ತೃಪ್ತರಾಗಿರುವ ನಾವು ಕೊಂಚ ನಾಚಿಕೆಯಿಂದಲೇ ನೆನೆಯುತ್ತೇವೆ. ನಿಧಿಗೆ ಮುನ್ನ, 1891ರಲ್ಲಿ, ಅವರು ಕೆನರಾ ಹಾಯಸ್ಕೂಲನ್ನು ತೆರೆದಿದ್ದರೆಂಬುದನ್ನು ಶಿಕ್ಷಕ ಬಂಧುಗಳು ಗಮನಿಸಬೇಕು. ವಿದ್ಯೆಗೂ ವ್ಯವಹಾರಕ್ಕೂ ಅವರು ಹಗೆತನವನ್ನು ಕಾಣಲಿಲ್ಲ.

ಉಡುಪಿಯಲ್ಲಿಯೇ 1925ರಲ್ಲಿ, ನೇಕಾರರಿಗೆ ನೆರವಾಗಬೇಕೆಂಬ ಉದ್ದೇಶದಿಂದ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ಪ್ರತಿನಿತ್ಯ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದನು. ದಿನಕ್ಕೆರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ನೂಲಿಗಾಗಿ ಸಾಹುಕಾರನ ಮುಂದೆ ಕೈಯೊಡ್ಡಬೇಕಾಗಿದ್ದವನಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಹನಿಗೂಡಿ ಹಳ್ಳವಾದ ಹಣವು ಮತ್ತೆ ಸಾಲವಾಗಿ ಅಂಗಡಿಗೂ ಕೈಕಸುಬಿಗೂ ಹರಿಯತಕ್ಕದ್ದು. ಹೀಗೆ ಕೈಯಿಂದ ಕೈಗೆ ಹರಿದು ದುಡಿಮೆಯನ್ನು ಹುಟ್ಟಿಸುವ ಹಣವನ್ನೇ ನಾವು ಸಂಪತ್ತೆನ್ನುವೆವು.

ಹೀಗೆಂದ ಮಾತ್ರಕ್ಕೆ ಕಲಬೆರಕೆ, ಕಳ್ಳತೂಕ, ಚಕ್ರಬಡ್ಡಿಗಳನ್ನು ನಾವು ಮನ್ನಿಸುವೆವೆಂದು ಯಾರೂ ಭಾವಿಸಬಾರದು. ಅಂಥ ಗಳಿಕೆಯು ನಿಂದ್ಯವೇ ಸರಿ. ಆದರೆ ಪ್ರಾಮಾಣಿಕರು ಪೇಟೆಯಿಂದ ದೂರ ನಿಂತರೆ ಅದು ಅಪ್ರಾಮಾಣಿಕರ ಪಾಲಾಗುವದೆಂಬುದನ್ನು ಮರೆಯಲಾಗದು. ಮೋಸಗಾರನನ್ನು ಬೈದು ತೃಪ್ತರಾಗುವದಕ್ಕಿಂತ, ಅವನ ಅಂಗಡಿಯೆದುರಿಗೆ ನೇರತೂಕದ ಅಂಗಡಿಯನ್ನು ಹೂಡುವದು ಹೆಚ್ಚಿನ ದೇಶಸೇವೆಯಾಗಿದೆ.

2020ರ ಎಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಹಿರಿಯರು ಕಟ್ಟಿದ್ದರ ಹೆಸರು ಅಳಿಯಿತೆಂದು ಮರುಗಿದವರಲ್ಲಿ ನಾವೂ ಇದ್ದೆವು. ಮರುಗಿದ್ದು ತಪ್ಪಲ್ಲ. ಆದರೆ ನಮ್ಮ ಮಕ್ಕಳ ಕಾಲಕ್ಕೆ ಉಳಿಯುವಂತೆ ನಾವು ಕಟ್ಟಿದ್ದೇನು? ನಮ್ಮ ಹಿರಿಯರಲ್ಲಿ ರಾಜ್ಯವಿರಲಿಲ್ಲ, ಅಧಿಕಾರವಿರಲಿಲ್ಲ. ಎರಡಾಣೆಯನ್ನು ಕೀಳೆಂದು ಬಗೆಯದ ಮನಸ್ಸಿತ್ತು. 1956ರಲ್ಲಿ ನಾಡು ಒಂದಾಯಿತು; ಆ ಮನಸ್ಸನ್ನು ಮಾತ್ರ ನಾವು ಎಲ್ಲಿಯೋ ಕಳೆದುಕೊಂಡಿರುವೆವು.

ವಾಚಕರಲ್ಲಿ ನಮ್ಮ ವಿನಂತಿಯು ಇಷ್ಟೇ. ಶಿಕ್ಷಕರು ಮಕ್ಕಳಿಗೆ ಜಮಾಖರ್ಚು ಬರೆಯುವದನ್ನು ಕಲಿಸಲಿ. ನೆರೆಯವರ ಮಗನೋ ಮಗಳೋ ಅಂಗಡಿಯನ್ನು ತೆರೆದರೆ, ಅಯ್ಯೋ ಪಾಪವೆನ್ನದೆ, ಮೊದಲನೆಯ ದಿನವೇ ಅಲ್ಲಿಗೆ ಗಿರಾಕಿಗಳಾಗಿ ಹೋಗೋಣ. ಮತ್ತು ಉದ್ರಿ ಹೇಳದೆ ರೊಕ್ಕವನ್ನು ಕೊಟ್ಟು ಬರೋಣ.