ಸಾಲದ ಅರ್ಜಿಗೆ ಮೊದಲು ಚೈನು ನೋಡಿ

ಸದಸ್ಯ ಬಾಂಧವರ ಗಮನಕ್ಕೆ ಒಂದು ವಿಚಾರವನ್ನು ತರಬೇಕಾಗಿದೆ. ಸಂಘಕ್ಕೆ ಈಚೆಗೆ ಬರುತ್ತಿರುವ ವಾಹನ ಸಾಲದ ಅರ್ಜಿಗಳಲ್ಲಿ, ಕಾರಣ ಬರೆಯುವ ಜಾಗದಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಾಣುತ್ತಿದೆ: “ಹಳೆಯ ಬೈಕು ಮೈಲೇಜು ಕೊಡುತ್ತಿಲ್ಲ.” 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರು ಸೈಕಲ್ಲುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ ಹೊಸ ಗಾಡಿಯ ಆಸೆ ಇನ್ನಷ್ಟು ಚಿಗುರಿದೆ. ಬೆಲೆ ಇಳಿದದ್ದು ಒಳ್ಳೆಯದೇ. ಸಾಲ ಕೊಡುವುದು ಸಂಘದ ಕೆಲಸವೇ ಹೊರತು ಸದಸ್ಯರ ಕೈ ಹಿಡಿದು ತಡೆಯುವುದಲ್ಲ. ಆದರೂ ಅರ್ಜಿಯಲ್ಲಿ ಬರೆದ ಈ ಕಾರಣವನ್ನು ಮಾತ್ರ ನಾವು ಸುಲಭವಾಗಿ ಒಪ್ಪಲಾರೆವು.

ಸ್ವಲ್ಪ ಲೆಕ್ಕ ಹಾಕೋಣ. ತೋಟದ ಮನೆಯಿಂದ ಪೇಟೆಗೆ 12 ಕಿಲೋಮೀಟರು, ಹೋಗಿಬರಲು 24. ತಿಂಗಳಿಗೆ 25 ದಿನ ಓಡಾಟವೆಂದರೆ 600 ಕಿಲೋಮೀಟರು, ವರ್ಷಕ್ಕೆ 7,200. ಲೀಟರಿಗೆ 65 ಕಿಲೋಮೀಟರು ಕೊಡುವ ಬೈಕಿಗೆ ಇಷ್ಟಕ್ಕೆ ಸುಮಾರು 111 ಲೀಟರ್ ಬೇಕು. ಅದೇ ಬೈಕು 50ಕ್ಕೆ ಇಳಿದಿದ್ದರೆ 144 ಲೀಟರ್. ವ್ಯತ್ಯಾಸ 33 ಲೀಟರ್. ಲೆಕ್ಕಕ್ಕೆ ಅನುಕೂಲವಾಗಲೆಂದು ಲೀಟರಿಗೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ ರೂ. 3,300 ಹೆಚ್ಚಿಗೆ ಹೋಗುತ್ತದೆ. ಎರಡು ಮೂಟೆ ಡಿ.ಎ.ಪಿ. ತರಬಹುದಾದ ಹಣ, ಬಿಟ್ಟುಕೊಡುವಂಥದ್ದಲ್ಲ. ಆದರೆ ಹೊಸ ನೂರು ಸಿ.ಸಿ. ಬೈಕನ್ನು ರಸ್ತೆಗೆ ಇಳಿಸುವಷ್ಟರಲ್ಲಿ ರೂ. 80,000ದ ಆಸುಪಾಸು ಆಗುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ರೂ. 3,300ರಂತೆ ಉಳಿಸಿ ಆ ಅಸಲನ್ನು ತೀರಿಸಲು 24 ವರ್ಷ ಬೇಕು, ಬಡ್ಡಿಯ ಮಾತು ಬೇರೆ. ಅತ್ತ, ಬಹುಪಾಲು ಬೈಕುಗಳ ಮೈಲೇಜನ್ನು ಮತ್ತೆ ಮೇಲಕ್ಕೆ ತರುವ ರಿಪೇರಿ, ಎಂದರೆ ಚೈನ್ ಸ್ಪ್ರಾಕೆಟ್, ಬ್ರೇಕ್ ಶೂ, ಏರ್ ಫಿಲ್ಟರ್, ಪ್ಲಗ್ಗು, ಆಯಿಲ್ಲು, ಎಲ್ಲಾ ಸೇರಿ ಮೂರು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದೇ ವರ್ಷದಲ್ಲಿ ಹಾಕಿದ ಹಣ ಕೈಗೆ ಬಂತು.

ನಮ್ಮ ಕಡೆಯ ಬೆಳೆಗಾರನಿಗೆ ಬೈಕು ಶೋಕಿಯ ವಸ್ತುವಾಗಿ ಉಳಿದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಮನೆಯ ಮುಂದೆ ನಿಂತಿದ್ದರೆ ಊರಿನಲ್ಲಿ ಗೌರವವಿದ್ದ ಕಾಲ ಒಂದಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ, ಹೊಗೆ ಬಿಟ್ಟುಕೊಂಡು ಘಾಟಿ ಹತ್ತುತ್ತಿದ್ದ ಆ ಗಾಡಿಯ ಶಬ್ದವನ್ನು ಮರೆತವರಿಲ್ಲ. ಆದರೆ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಸೈಲೆನ್ಸರಿನ ದಾರಿ ಹಿಡಿಯುತ್ತದೆ. 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಬಂದಾಗ, 97.2 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಆ ಪುಟ್ಟ ಎಂಜಿನ್ನನ್ನು ನೋಡಿ ನಮ್ಮ ಹಿರಿಯರು ‘ಇದೇನು ಏರು ಹತ್ತೀತು’ ಎಂದು ನಕ್ಕರು. ಹತ್ತಿತು. 1994ರಲ್ಲಿ ಅದೇ ಅಳತೆಯ ಎಂಜಿನ್ನಿನ ಸ್ಪ್ಲೆಂಡರ್ ಬಂತು. ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂದು ಎರಡು ಎಕರೆಯವನ ಅಂಗಳದಲ್ಲೂ ಒಂದು ನೂರು ಸಿ.ಸಿ. ಗಾಡಿ ಇದೆ. ಬೋರ್ಡೋ ಹೊಡೆಯುವ ಪಂಪಿನಂತೆ ಅದೂ ಒಂದು ತೋಟದ ಸಾಮಾನು. ವಿಚಿತ್ರವೆಂದರೆ ಮಳೆಗಾಲಕ್ಕೆ ಮೊದಲು ಪಂಪಿನ ವಾಷರ್ ಬಿಚ್ಚಿ ನೋಡುವ ನಾವು ಬೈಕನ್ನು ಅದು ದಾರಿಯಲ್ಲಿ ನಿಲ್ಲುವವರೆಗೆ ನೋಡುವುದಿಲ್ಲ.

ಮೊದಲನೆಯ ಪ್ರಶ್ನೆ, ಮೈಲೇಜು ಇಳಿದಿದೆ ಎಂದು ಗೊತ್ತಾದದ್ದು ಹೇಗೆ? ಪೇಟೆಯ ಹೋಟೆಲಿನ ಮುಂದೆ “ಎಷ್ಟು ಕೊಡುತ್ತೆ ಮಾರಾಯ್ರೆ?” ಎಂದು ಕೇಳಿದರೆ “ಅರವತ್ತೈದಕ್ಕೆ ಮೋಸ ಇಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದೇ ಸದಸ್ಯರು ಸಾಲದ ಅರ್ಜಿಯಲ್ಲಿ ನಲವತ್ತು ಎಂದು ಬರೆಯುತ್ತಾರೆ. ಕೆಲವರ ಬೈಕಿನಲ್ಲಿ ಮೀಟರ್ ಕೇಬಲ್ಲೇ ತುಂಡಾಗಿ ವರ್ಷವಾಗಿರುತ್ತದೆ! ನೂರು ರೂಪಾಯಿಗೆ, ಇನ್ನೂರು ರೂಪಾಯಿಗೆ ಎಂದು ಹಾಕಿಸುತ್ತ ಹೋದರೆ ಲೆಕ್ಕ ಸಿಗುವುದಿಲ್ಲ. ಒಂದು ಸಲ ಟ್ಯಾಂಕು ತುಂಬಿಸಿ ಮೀಟರಿನ ಅಂಕಿ ಬರೆದಿಡಬೇಕು. ಮುಂದಿನ ಸಲ ಅದೇ ಬಂಕಿನಲ್ಲಿ, ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಬೇಕು. ಹೀಗೆ ಮೂರು ಸಲವಾದರೂ ಮಾಡಿದ ಮೇಲೆ ಬರುವ ಸರಾಸರಿಯೇ ನಿಮ್ಮ ಗಾಡಿಯ ನಿಜವಾದ ಮೈಲೇಜು. ಬೇರೆಯವರ ಗಾಡಿಗೆ ಹೋಲಿಸಿ ಪ್ರಯೋಜನವಿಲ್ಲ. ಅವರ ದಾರಿ ಬೇರೆ, ಏರು ಬೇರೆ, ಹೊರುವ ಭಾರ ಬೇರೆ. ನಿಮ್ಮ ಗಾಡಿಯ ಈ ತಿಂಗಳ ಅಂಕಿಯನ್ನು ಹೋದ ತಿಂಗಳ ಅಂಕಿಗೆ ಹೋಲಿಸಿ. ಐದಾರು ಕಿಲೋಮೀಟರು ಇಳಿದಿದ್ದರೆ ಗಾಡಿಯಲ್ಲಿ ಏನೋ ಕೆಟ್ಟಿದೆ, ಅದು ಕೈಕೊಡುವುದಕ್ಕೆ ಮೊದಲೇ ನಿಮಗೆ ಸೂಚನೆ ಸಿಕ್ಕಿತೆಂದು ತಿಳಿಯಬೇಕು.

ಕೆಟ್ಟಿರುವುದು ಎಂಜಿನ್ನೇ ಎಂದು ಎಲ್ಲರೂ ಭಾವಿಸುತ್ತಾರೆ. ಬಹಳ ಸಲ ತೊಂದರೆ ಇರುವುದು ಚಕ್ರದ ಹತ್ತಿರ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ಸುತ್ತಬೇಕು. ಅರ್ಧ ಸುತ್ತಿಗೆ ನಿಂತರೆ ಬ್ರೇಕು ಹಿಡಿದುಕೊಂಡಿದೆ ಎಂದೇ ಅರ್ಥ. ಮಲೆನಾಡಿನಲ್ಲಿ ಇದು ದಿನನಿತ್ಯದ ಕಾಯಿಲೆ. ಕೆಸರು ನೀರು ಡ್ರಮ್ಮಿನೊಳಗೆ ಹೋಗಿ, ಬ್ರೇಕ್ ಶೂಗಳನ್ನು ಅಗಲಿಸುವ ಕ್ಯಾಮು ತುಕ್ಕು ಹಿಡಿದು ಹಿಂದಕ್ಕೆ ಸರಿಯುವುದೇ ಇಲ್ಲ. ಸವಾರ ಇಡೀ ದಾರಿ ಬ್ರೇಕು ತುಳಿದುಕೊಂಡೇ ಹೋದಂತೆ ಪೆಟ್ರೋಲು ಖರ್ಚಾಗುತ್ತದೆ. ಪೇಟೆಯಿಂದ ಬಂದು ಇಳಿದೊಡನೆ ಡ್ರಮ್ಮಿನ ಬಳಿ ಕೈ ತಂದು ನೋಡಿದರೂ ಬಿಸಿ ತಿಳಿಯುತ್ತದೆ, ಮುಟ್ಟಲು ಹೋಗಬೇಡಿ.

ಎರಡನೆಯದು ಚೈನು. ಪೂರ್ತಿ ಮುಚ್ಚಿದ ಕವರ್ ಇರುವ ಗಾಡಿಗಳಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮನಸ್ಸಿಗೂ ಬರುವುದಿಲ್ಲ. ಕವರಿನಲ್ಲಿ ಒಂದು ರಬ್ಬರಿನ ಬಿರಡೆ ಇರುತ್ತದೆ, ಅದನ್ನು ತೆಗೆದು ಬೆರಳು ಹಾಕಿ ನೋಡಿ. ಚೈನು ಮೇಲೆ ಕೆಳಗೆ ಒಂದು ಅಂಗುಲದಷ್ಟು ಆಡಬೇಕು. ಸಡಿಲವಾದರೆ ಹಲ್ಲು ಸವೆಯುತ್ತದೆ, ಬಿಗಿ ಹೆಚ್ಚಾದರೆ ಬೇರಿಂಗ್ ಹೋಗುತ್ತದೆ. ಹಾಗೆಯೇ ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನು ಚೈನಿಗೆ ಸುರಿಯುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಅದರಲ್ಲಿರುವ ಮಸಿ, ಲೋಹದ ಪುಡಿ ಚೈನನ್ನು ಅರದಂತೆ ಉಜ್ಜುತ್ತವೆ. 90 ನಂಬರಿನ ಗಿಯರ್ ಆಯಿಲ್ ಸಾಕು, ಅದೂ ಒರೆಸಿ, ಮಿತವಾಗಿ. ಮೈಲುತುತ್ತದ ಚೀಲ ಹೇರಿಕೊಂಡು ಬಂದ ದಿನ ಗಾಡಿಯನ್ನು ತೊಳೆಯದೆ ನಿಲ್ಲಿಸಬಾರದು. ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಅದು ತಿನ್ನುವ ಪರಿಯನ್ನು ಬೋರ್ಡೋ ಮಾಡುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಕ್ರದ ಗಾಳಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಾಮಾನ್ಯವಾಗಿ ನೂರು ಸಿ.ಸಿ. ಗಾಡಿಗೆ ಮುಂದೆ 25 ಪೌಂಡು, ಹಿಂದೆ ಒಬ್ಬರೇ ಆದರೆ 28, ಇಬ್ಬರಾದರೆ 40ರ ಹತ್ತಿರ; ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನಿಮ್ಮದರ ಅಂಕಿ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿ ‘ಇದೆ’ ಎನ್ನುವುದು ಅಳತೆಯಲ್ಲ. ಏರ್ ಫಿಲ್ಟರು ಬೇಸಗೆಯ ಕೆಂಪು ಧೂಳಿಗೆ ಕಟ್ಟಿಕೊಳ್ಳುತ್ತದೆ. ಹಳೆಯ ಸ್ಪಂಜಿನ ಫಿಲ್ಟರನ್ನು ತೊಳೆಯಬಹುದಿತ್ತು. ಈಗಿನ ಅನೇಕ ಗಾಡಿಗಳಲ್ಲಿ ಬರುವ ಎಣ್ಣೆ ಲೇಪದ ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಬದಲಾಯಿಸಬೇಕು. ಕಾರ್ಬುರೇಟರಿನ ಗಾಡಿಯಾದರೆ ಪ್ಲಗ್ಗು ಬಿಚ್ಚಿ ನೋಡಿ. ತುದಿ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಬೆಳಗಿನ ಚಳಿಗೆ ಎಳೆದ ಚೋಕನ್ನು ಮರೆತು ಪೇಟೆಯವರೆಗೆ ಹೋಗುವವರೂ ನಮ್ಮಲ್ಲಿದ್ದಾರೆ.

ಈಗ ಎಥೆನಾಲಿನ ಮಾತು. ಎಲ್ಲಾ ತಪ್ಪನ್ನೂ ಅದರ ತಲೆಗೆ ಕಟ್ಟುವುದು ಇತ್ತೀಚಿನ ರೂಢಿ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇಕಡಾ 20 ಮುಟ್ಟಿತು. ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲಿನಷ್ಟು ಶಕ್ತಿ ಕಡಿಮೆ, ಆದ್ದರಿಂದ ಮೈಲೇಜು ಸ್ವಲ್ಪ ಇಳಿಯುವುದು ನಿಜ. ಹಳೆಯ ಮಾದರಿಯ ದ್ವಿಚಕ್ರ ವಾಹನಗಳಿಗೆ ಶೇಕಡಾ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿದೆ. ಅದಕ್ಕಿಂತ ಹೆಚ್ಚು ಎಂದು ವಾದಿಸುವವರೂ ಇದ್ದಾರೆ. ಅದರ ಎರಡರಷ್ಟು ಎಂದೇ ಇಟ್ಟುಕೊಂಡರೂ 65ರ ಗಾಡಿ 60ಕ್ಕೆ ಬಂದೀತು. 50ಕ್ಕೆ ಇಳಿದ ಗಾಡಿಯ ಉಳಿದ ಹತ್ತು ಕಿಲೋಮೀಟರನ್ನು ತಿಂದದ್ದು ಬ್ರೇಕೋ ಚೈನೋ ಇರಬೇಕು.

ನಮ್ಮ ಪ್ರದೇಶಕ್ಕೆ ಎಥೆನಾಲಿನ ನಿಜವಾದ ಅಪಾಯ ಬೇರೆ ಇದೆ, ಅದು ಮಳೆ. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರು ಒಡೆದಿದ್ದರೆ ನೀರು ಒಳಗೆ ಇಳಿಯುತ್ತದೆ. ಎಥೆನಾಲಿಗೆ ನೀರಿನ ಮೇಲೆ ಬಲು ಮೋಹ. ನೀರು ಒಂದು ಮಿತಿ ಮೀರಿದೊಡನೆ ಅದು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಎಂಜಿನ್ನಿಗೆ ಹೋಗುವುದು ತಳದ್ದೇ. ಅಂಗಳದಲ್ಲಿ ನೆನೆಯುತ್ತ ನಿಂತ ಬೈಕು ಬೆಳಿಗ್ಗೆ ಏನು ಮಾಡಿದರೂ ಸ್ಟಾರ್ಟ್ ಆಗದಿದ್ದರೆ ಇದೂ ಒಂದು ಕಾರಣವಿರಬಹುದು. ಜೂನ್ ತಿಂಗಳಿಗೆ ಮೊದಲು ಮುಚ್ಚಳದ ರಬ್ಬರು ನೋಡಿಸಿ, ಗಾಡಿಯನ್ನು ಸೂರಿನಡಿ ನಿಲ್ಲಿಸಿ, ಟ್ಯಾಂಕನ್ನು ಮಳೆಗಾಲದಲ್ಲಿ ತಳ ಕಾಣುವವರೆಗೆ ಬಿಡಬೇಡಿ. ಹಳೆಯ ಗಾಡಿಯಾದರೆ ಪೆಟ್ರೋಲ್ ಪೈಪನ್ನೂ ಒಮ್ಮೆ ಬಗ್ಗಿಸಿ ನೋಡಿ, ಬಿರುಕಿದ್ದರೆ ಬದಲಾಯಿಸಿ.

ಉಳಿತಾಯದ ಹೆಸರಿನಲ್ಲಿ ನಡೆಯುವ ಒಂದು ಹುಚ್ಚಾಟವನ್ನು ಹೇಳದೆ ಬಿಡುವಂತಿಲ್ಲ. ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ತಂದು, ಜಾರಿಬಿಡುವುದು. ಎರಡು ಸ್ಟ್ರೋಕಿನ ಕಾಲದಲ್ಲಿ ಆಕ್ಸಲರೇಟರ್ ಮುಚ್ಚಿ ಗಿಯರಿನಲ್ಲಿ ಇಳಿದರೆ ಎಂಜಿನ್ನಿಗೆ ಆಯಿಲ್ ಸಾಲದೆಂಬ ನೆಪವಾದರೂ ಇತ್ತು. ನಾಲ್ಕು ಸ್ಟ್ರೋಕಿಗೆ ಆ ನೆಪವೂ ಇಲ್ಲ. 2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮ ಬಂದ ಮೇಲಿನ ಬಹುತೇಕ ಗಾಡಿಗಳಲ್ಲಿ ಇಂಜೆಕ್ಷನ್ ಇದ್ದು, ಗಿಯರಿನಲ್ಲಿ ಇಳಿಯುವಾಗ ಆಕ್ಸಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಪೆಟ್ರೋಲು ತಾನಾಗಿಯೇ ನಿಲ್ಲುತ್ತದೆ. ಚಾರ್ಮಾಡಿಯಂಥ ತಿರುವುಗಳಲ್ಲಿ, ಹಿಂದೆ ಒಂದು ಮೂಟೆ ಕಟ್ಟಿಕೊಂಡು, ಎಂಜಿನ್ನಿನ ಹಿಡಿತವಿಲ್ಲದೆ ಬರೀ ಡ್ರಮ್ ಬ್ರೇಕನ್ನು ನಂಬಿ ಇಳಿಯುವವನು ಉಳಿಸುವುದು ನಾಲ್ಕೈದು ರೂಪಾಯಿ. ಇದನ್ನು ಮನೆಯ ಹುಡುಗರಿಗೆ ಹಿರಿಯರು ಖಡಾಖಂಡಿತವಾಗಿ ಹೇಳಬೇಕು.

ಮೂಟೆಯ ಮಾತೂ ಅಷ್ಟೇ. ಇಂಥ ಬೈಕು ಹೊರಬಹುದಾದ ಒಟ್ಟು ಭಾರ ಸುಮಾರು 130 ಕಿಲೋ. ಗಂಡ ಹೆಂಡತಿ ಕೂತರೆ ಅದು ಮುಗಿಯಿತು. ಅದರ ಮೇಲೆ ಐವತ್ತು ಕಿಲೋದ ಗೊಬ್ಬರದ ಮೂಟೆ ಇಟ್ಟು ಏರು ಹತ್ತಿಸಿ, ಕ್ಲಚ್ ಸುಟ್ಟ ಮೇಲೆ ಕಂಪನಿಯನ್ನು ಬೈದು ಫಲವೇನು? ದಿನವೂ ಮೂಟೆ ಸಾಗಿಸುವವರಿಗೆ ಟಿ.ವಿ.ಎಸ್. ಎಕ್ಸ್.ಎಲ್.ನಂಥ ಗಾಡಿ ವಾಸಿ, ನೋಡಲು ಚೆಂದವಿಲ್ಲದಿದ್ದರೂ.

ಹೊಸ ಗಾಡಿ ಎಂದೂ ಬೇಡವೆಂಬುದು ನಮ್ಮ ವಾದವಲ್ಲ. ನೀಲಿ ಹೊಗೆ ಬರುತ್ತಿದ್ದು, ತಿಂಗಳು ತಿಂಗಳು ಆಯಿಲ್ ಸೇರಿಸಬೇಕಾಗಿದ್ದು, 15 ವರ್ಷ ತುಂಬಿ ನೋಂದಣಿ ನವೀಕರಣವೂ ಎದುರಿಗಿದ್ದರೆ ಅರ್ಜಿ ಹಾಕಿ, ಸಂಕೋಚ ಬೇಡ. ವಿದ್ಯುತ್ ಸ್ಕೂಟರಿನ ಬಗ್ಗೆ ಕೇಳುವವರಿದ್ದಾರೆ. ಪೇಟೆಗೆ ಹತ್ತಿರವಿದ್ದು ಮನೆಯಲ್ಲಿ ಕರೆಂಟು ಸರಿಯಾಗಿರುವವರು ಯೋಚಿಸಬಹುದು, ಮಳೆಗಾಲದಲ್ಲಿ ಮೂರು ದಿನ ಕತ್ತಲೆಯಲ್ಲಿರುವವರಿಗೆ ನಾವು ಹೇಗೆ ಹೇಳೋಣ? ಆದರೆ ಮಗನಿಗೆ 350 ಸಿ.ಸಿ.ಯ ಆಸೆ ಇದ್ದು, ಅರ್ಜಿಯಲ್ಲಿ ಹಳೆಯ ಸ್ಪ್ಲೆಂಡರಿನ ಮೈಲೇಜನ್ನು ದೂರುವುದು ಮಾತ್ರ ಸರಿಯಲ್ಲ. ಆಸೆ ಎಂದೇ ಬರೆಯಲಿ, ಆಡಳಿತ ಮಂಡಳಿಯವರೂ ಮಕ್ಕಳೊಂದಿಗರೇ.

ಈ ಬಾರಿಯ ವಾರ್ಷಿಕ ಮಹಾಸಭೆಯ ಮುಂದೆ ಎರಡು ಸಲಹೆ ಇಡಬೇಕೆಂದಿದ್ದೇವೆ. ಸಂಘದ ಗೋದಾಮಿನ ಅಂಗಳದಲ್ಲಿ ಮೀಟರ್ ಇರುವ ಒಂದು ಗಾಳಿ ಪಂಪು, ಒಂದು ಡಬ್ಬ ಗಿಯರ್ ಆಯಿಲ್, ಎರಡು ಸ್ಪ್ಯಾನರ್ ಸದಸ್ಯರ ಉಪಯೋಗಕ್ಕೆ ಇರಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಎರಡನೆಯದಾಗಿ, ಹಳೆಯ ಬೈಕಿನ ಮೈಲೇಜನ್ನು ಕಾರಣವಾಗಿ ಕೊಡುವ ಸಾಲದ ಅರ್ಜಿಯ ಜೊತೆ, ಮೂರು ಸಲ ಟ್ಯಾಂಕು ತುಂಬಿಸಿದ ಲೆಕ್ಕದ ಚೀಟಿಯನ್ನು ಲಗತ್ತಿಸತಕ್ಕದ್ದು. ಎರಡನೆಯದಕ್ಕೆ ವಿರೋಧ ಬರಬಹುದೆಂದು ಬಲ್ಲೆವು. ವಿರೋಧಿಸುವ ಸದಸ್ಯರು ತಮ್ಮ ಅಭಿಪ್ರಾಯವನ್ನು ಸಭೆಗೆ ಒಂದು ವಾರ ಮೊದಲು ಕಚೇರಿಗೆ ಬರೆದು ತಲಪಿಸಿದರೆ ಅದನ್ನೂ ಸಭೆಯಲ್ಲಿ ಓದಲಾಗುವುದು.

— ಕಾರ್ಯದರ್ಶಿ