ಆಟಗಾರನ ಶಕ್ತಿಪರೀಕ್ಷೆ

ಬಸವೇಶ್ವರನಗರದ ನಮ್ಮ ವಾಚಕರೊಬ್ಬರು, ರಗ್ಬಿಯಾಟವನ್ನು ಕಲಿಯುತ್ತಿರುವ ತಮ್ಮ ಹದಿನಾಲ್ಕು ವರುಷದ ಮಗನನ್ನು ಓಟದ ಪರೀಕ್ಷೆಯೊಂದರಲ್ಲಿ ಹಿಂದುಳಿದನೆಂಬ ಕಾರಣದಿಂದ ತಂಡದಿಂದ ಕೈಬಿಟ್ಟರೆಂದೂ, ಅಂದಿನಿಂದ ಹುಡುಗನು ಸರಿಯಾಗಿ ಊಟವನ್ನೇ ಮಾಡುತ್ತಿಲ್ಲವೆಂದೂ ಬರೆದಿರುವರು. ಇಂಥ ಪರೀಕ್ಷೆಗಳು ಏನನ್ನು ಅಳೆಯುತ್ತವೆಂಬುದು ತಿಳಿದರೆ ತಂದೆತಾಯಿಗಳ ಕಳವಳವು ಅರ್ಧಕ್ಕಿಳಿದೀತು.

ದೇಹಬಲವನ್ನು ಉಸಿರಿನಿಂದ ಅಳೆಯುವುದು ಹೊಸತೇನಲ್ಲ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡತಕ್ಕದ್ದೆಂದೂ, ಹೃದಯದಲ್ಲಿರುವ ವಾಯುವು ಬಾಯಿಗೆ ಬರತೊಡಗಿದರೆ ಆ ಅರ್ಧವು ಮುಗಿಯಿತೆಂದು ತಿಳಿಯಬೇಕೆಂದೂ ಸುಶ್ರುತಸಂಹಿತೆಯಲ್ಲಿ ಹೇಳಿದೆ. ಇಂದಿನವರು ಅರ್ಧಕ್ಕೆ ನಿಲ್ಲದೆ, ಪೂರ್ತಿಯಾಗಿ ಬಸವಳಿಯುವ ತನಕ ಓಡಿಸಿ ನೋಡುತ್ತಾರೆ, ಭೇದವಿಷ್ಟೆ.

ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೋ ಎಂಬ ವಿದ್ವಾಂಸರು ರೂಪಿಸಿದ ಯೋ-ಯೋ ಪರೀಕ್ಷೆಯಲ್ಲಿ 20 ಮೀಟರು ಓಡಿ, ಅಷ್ಟೇ ದೂರ ಮರಳಿ, 10 ಸೆಕೆಂಡು ಸುಧಾರಿಸಿಕೊಂಡು ಮತ್ತೆ ಓಡಬೇಕು. ಯಂತ್ರದ ಸದ್ದು ಬರಬರುತ್ತ ತ್ವರೆಗೊಳ್ಳುತ್ತದೆ. ಎರಡು ಸಲ ಸದ್ದಿಗೆ ಹಿಂದಾದವನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಕೆಂಗೇರಿಗೆ ಈಚೆ, ಮೈಸೂರು ರಸ್ತೆಯ ಬದಿಯ ಜ್ಞಾನಭಾರತಿಯಲ್ಲಿರುವ ಭಾರತ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಮ್ಮ ಹಾಕಿ ಆಟಗಾರರು ಇಂಥ ಓಟಗಳಲ್ಲಿ ಬೆವರು ಸುರಿಸಿಯೇ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ಸಿದ್ಧರಾದರು. 41 ವರುಷಗಳ ಬಳಿಕ ಪುರುಷರ ತಂಡಕ್ಕೆ ಪದಕ ಬಂದಿತು. ರಗ್ಬಿಯವರಲ್ಲಿ ರೂಢಿಯಾಗಿರುವುದು ಬ್ರಾಂಕೊ: 20, 40, 60 ಮೀಟರುಗಳ ಗುರುತುಗಳವರೆಗೆ ಓಡಿ ಓಡಿ ಮರಳುವುದು, ಅದನ್ನು ಐದು ಸಲ ಮಾಡುವುದು. ಒಟ್ಟು 1200 ಮೀಟರು, ನಡುವೆ ವಿಶ್ರಾಂತಿಯಿಲ್ಲ.

ಆದರೆ ರಗ್ಬಿಯು ಬರಿಯ ಓಟದ ಆಟವಲ್ಲವಷ್ಟೆ. ಹದಿನೈದು ಮಂದಿಯಲ್ಲಿ ಎಂಟು ಮಂದಿ ಮುಂದಾಳುಗಳು, ಒಬ್ಬರನ್ನೊಬ್ಬರು ತೆಕ್ಕೆಹಾಯ್ದು ಎದುರಾಳಿಗಳನ್ನು ನೂಕತಕ್ಕವರು. ಉಳಿದ ಏಳು ಮಂದಿ ಹಿಂದೆ ನಿಂತು ಚೆಂಡನ್ನು ಹಿಡಿದು ಓಡತಕ್ಕವರು. ಗರಡಿಯ ಪೈಲವಾನನನ್ನೂ ಹಳೆಯ ಕಾಲದ ಅಂಚೆಯ ಓಟಗಾರನನ್ನೂ ಒಂದೇ ಗಡಿಯಾರದಿಂದ ಅಳೆದರೆ ನ್ಯಾಯವಾದೀತೆ? ಮುಂದಾಳಿನ ನೂಕುವ ಬಲವನ್ನೂ, ಹಿಂದಿನವನ ಹತ್ತಿಪ್ಪತ್ತು ಮೀಟರಿನ ವೇಗವನ್ನೂ ಬೇರೆಬೇರೆಯಾಗಿ ನೋಡಬೇಕು. ಎದುರಾಳಿಯನ್ನು ಕೆಡವಿದ್ದೆಷ್ಟು ಸಲ, ಕೈತಪ್ಪಿದ್ದೆಷ್ಟು ಸಲ, ಬಿದ್ದಮೇಲೆ ಎಷ್ಟು ಬೇಗ ಎದ್ದನು, ದಣಿದಿರುವ ಕೊನೆಯ ಹತ್ತು ನಿಮಿಷಗಳಲ್ಲಿ ಚೆಂಡನ್ನು ಯಾರ ಕೈಗೆ ಕೊಟ್ಟನು ಎಂಬುದನ್ನು ಪಂದ್ಯವೇ ಹೇಳಬೇಕಲ್ಲದೆ ಗಡಿಯಾರವು ಹೇಳಲಾರದು.

ಹುಡುಗರ ಮಾತು ಇನ್ನೂ ಸೂಕ್ಷ್ಮವಾದುದು. ಹದಿನಾಲ್ಕರ ಪ್ರಾಯದಲ್ಲಿ ಒಬ್ಬನಿಗೆ ಮೀಸೆ ಮೂಡಿದ್ದರೆ ಮತ್ತೊಬ್ಬನು ಇನ್ನೂ ಮಗುವಿನಂತಿರುವನು. ಶಾಲೆಯಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿದಾಗ ನಾವು ಪ್ರತಿವರ್ಷವೂ ಕಂಡುದು ಇದನ್ನೇ. ಆದಕಾರಣ ಬಾಲಕನ ಫಲವನ್ನು ಪಕ್ಕದವನ ಫಲದೊಡನೆ ಹೋಲಿಸದೆ, ಅವನದೇ ಹಿಂದಿನ ಫಲದೊಡನೆ ಹೋಲಿಸತಕ್ಕದ್ದು. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೂ, ಜ್ವರ ಬಿಟ್ಟು ನಾಲ್ಕೇ ದಿನವಾಗಿದ್ದರೂ, ಏಪ್ರಿಲಿನ ಬಿಸಿಲಿದ್ದರೂ ಓಟವು ಕುಂದುತ್ತದೆ. ನಮ್ಮ ವಾಚಕರು ತರಬೇತಿಯ ಗುರುಗಳನ್ನು ಕಂಡು, ಆರೆಂಟು ವಾರಗಳ ಅಭ್ಯಾಸವಾದ ಮೇಲೆ ಅದೇ ನೆಲದಲ್ಲಿ, ಅದೇ ಹೊತ್ತಿನಲ್ಲಿ ಮರುಪರೀಕ್ಷೆಯನ್ನು ಕೇಳಲಿ. ಓಡುವಾಗ ಎದೆನೋವಾಗಲಿ, ತಲೆತಿರುಗಿ ಬೀಳುವುದಾಗಲಿ ಕಂಡಿದ್ದರೆ ಮಾತ್ರ, ವೈದ್ಯರು ನೋಡಿ ಒಪ್ಪುವ ತನಕ ಹುಡುಗನನ್ನು ಮೈದಾನಕ್ಕೆ ಕಳುಹಿಸಕೂಡದು.